ಫೋನ್ ಎತ್ತದಿದ್ದರೆ ಎದೆ ಡವಡವ

ಪ್ರಶ್ನೆ: ನನಗೆ 31 ವರ್ಷ. ಗಂಡ ಅರ್ಧ ಗಂಟೆ ಫೋನ್ ಎತ್ತದಿದ್ದರೆ ಎದೆ ಡವಗುಟ್ಟುತ್ತದೆ, ಹತ್ತಾರು ಸಲ ಕರೆ ಮಾಡುತ್ತೇನೆ. ಅವರು ಮನೆಗೆ ಬಂದ ಕೂಡಲೇ ಜಗಳ. ಅವರೋ ಬಾಯಿ ಬಿಡದೆ ಟಿವಿ ಮುಂದೆ ಕೂರುತ್ತಾರೆ. ಆರು ವರ್ಷದವರೆಗೆ ಅಜ್ಜಿ ಮನೆಯಲ್ಲಿ ಬೆಳೆದೆ, ಆಮೇಲೆ ಶಾಲೆಗೆಂದು ಅಪ್ಪ ಅಮ್ಮ ಕರೆತಂದರು. ಆಗ ಅಮ್ಮ ದೂರವಿದ್ದದ್ದೇ ಇದಕ್ಕೆ ಕಾರಣವೇ?
– ಹೆಸರು ಬೇಡ, ಹಾಸನ

ಉತ್ತರ: ಅಮ್ಮನನ್ನು ದೂರುವ ಮುಂಚೆ ಸ್ವಲ್ಪ ತಾಳಿ. ಅತ್ತಾಗ ಯಾರು ಎತ್ತಿಕೊಳ್ಳುತ್ತಾರೋ ಮಗು ಅವರಿಗೆ ಅಂಟಿಕೊಳ್ಳುತ್ತದೆ. ನಿಮಗೆ ಅದು ಅಜ್ಜಿಯಾಗಿದ್ದರೆ, ಆರನೇ ವರ್ಷದಲ್ಲಿ ನೀವು ಕಳೆದುಕೊಂಡದ್ದು ಅಜ್ಜಿಯನ್ನು. ಇದನ್ನು ಮನೆಯಲ್ಲಿ ಯಾರೂ ಅಗಲಿಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ವರ್ಷ ತುಂಬಿದ ಕೂಸುಗಳನ್ನು ಸುಮಾರು 20 ನಿಮಿಷ ಗಮನಿಸುತ್ತಿದ್ದರು. ತಾಯಿ ಎರಡು ಸಲ ಹೊರಹೋಗಿ ಬರುತ್ತಿದ್ದಳು. ಹೋದಾಗಿನ ಅಳುವಿಗಿಂತ, ಮರಳಿದಾಗ ಮಗು ಏನು ಮಾಡಿತು ಎಂಬುದೇ ಅಲ್ಲಿ ಮುಖ್ಯ. ಹೆಚ್ಚಿನವು ಅಪ್ಪಿಕೊಂಡು ಸಮಾಧಾನವಾಗಿ ಆಟಕ್ಕಿಳಿದವು. ಕೆಲವು ತೋಳಿಗೆ ಬಂದೂ ಸಿಟ್ಟಿನಿಂದ ಒದ್ದವು. ಇನ್ನು ಕೆಲವು ಮುಖ ತಿರುಗಿಸಿ ಆಟಿಕೆ ಹಿಡಿದವು. ಇಂಥ ಮಕ್ಕಳು ಹೊರಗೆ ತಣ್ಣಗೆ ಕಂಡರೂ ಎದೆಬಡಿತ ಏರಿರುತ್ತದೆ ಎಂದು ಮುಂದೆ ಅಳೆದು ನೋಡಿದವರು ಹೇಳಿದರು. ನಿಮ್ಮ ಮನೆಯ ಸಂಜೆಯೂ ಹೀಗೇ ಕಾಣುತ್ತದೆ: ನೀವು ಒದೆಯುವ ಮಗು, ಟಿವಿ ಮುಂದಿನವರು ಬಹುಶಃ ಆಟಿಕೆ ಹಿಡಿದವರು. ಅವರ ಮೌನ ತಾತ್ಸಾರವೇ ಆಗಿರಬೇಕಿಲ್ಲ.

ಈ ಸ್ವಭಾವ ಹಣೆಬರಹವಲ್ಲ, ದೊಡ್ಡವರಾದ ಮೇಲೂ ಬದಲಾಗುತ್ತದೆ. ತಿದ್ದಬೇಕಾದದ್ದು ಮರಳಿ ಸೇರುವ ಆ ಗಳಿಗೆ. ಬಿಡುವಿಲ್ಲದಾಗ ಅವರು 'ಆರೂವರೆಗೆ ಮಾಡ್ತೀನಿ' ಎಂದು ಒಂದು ಸಾಲು ಕಳಿಸಲಿ. 'ಆಮೇಲೆ' ಅಂದರೆ ಸಾಲದು, ಆತಂಕದ ಮನಸ್ಸು ಆ ಖಾಲಿ ಜಾಗವನ್ನು ಅಪಘಾತದಿಂದಲೋ ಅನುಮಾನದಿಂದಲೋ ತುಂಬುತ್ತದೆ. ಅಲ್ಲಿಯವರೆಗೆ ನಿಮ್ಮದು ಒಂದೇ ಕರೆ. ಮನೆಗೆ ಬಂದ ಮೊದಲ ಹತ್ತು ನಿಮಿಷ ದೂರು ಬೇಡ, ಕಾಫಿ ಸಾಕು. ಆಮೇಲೆ 'ಯಾಕೆ ಎತ್ತಲಿಲ್ಲ' ಎನ್ನುವ ಬದಲು 'ನನಗೆ ಹೆದರಿಕೆಯಾಯ್ತು' ಎನ್ನಿ. ಜಗಳದ ನಡುವೆ ಅವರು ಎದ್ದು ಹೋಗಲಿ, ಆದರೆ ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿಯೇ ಹೋಗಲಿ. ಮೈ ತಣ್ಣಗಾಗಲು 20 ನಿಮಿಷವಾದರೂ ಬೇಕು.

ಇದು ಕೆಡುವುದು ಹೆಚ್ಚಾಗಿ ಪರೀಕ್ಷೆಯಿಂದ. 'ಇವತ್ತು ನಾನು ಮಾಡಲ್ಲ, ಅವರೇ ಮಾಡ್ತಾರಾ ನೋಡೋಣ' ಎಂದು ಕಾದರೆ, ಪರೀಕ್ಷೆ ನಡೆಯುತ್ತಿರುವುದೇ ಅವರಿಗೆ ಗೊತ್ತಿರುವುದಿಲ್ಲ. ಫೇಲಾಗುವುದು ಖಚಿತ.

ನಿದ್ದೆ ಕೆಡುತ್ತಿದ್ದರೆ, ಉಸಿರು ಕಟ್ಟಿದಂತಾಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಮೇಲಿನದ್ಯಾವುದೂ ನಿಮಗಲ್ಲ, ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.