ಔಷಧಿ ವಾಸನೆಯ ನಲ್ಲಿ ನೀರು: ಬಳ್ಳಾರಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ವಾರಕ್ಕೊಮ್ಮೆ ಬಿಡುವ ನೀರಿನಲ್ಲಿ ಮೊದಲ ಎರಡು ಕೊಡ ಕೆಂಪಗೆ ಬರುತ್ತದೆ, ಆಮೇಲೆ ತಿಳಿಯಾದರೂ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತದೆ, ಓಣಿಯವರೆಲ್ಲ ಕ್ಯಾನ್ ನೀರಿಗೆ ಮೊರೆಹೋಗಿದ್ದಾರೆ ಎಂದು ತಿಳಿಸಿ, ‘ಔಷಧಿ ಹಾಕಿದ ನೀರು ಕುಡಿಯಬಹುದೇ?’ ಎಂದು ಕೇಳಿದ್ದೀರಿ. ಭಯ ಅಕಾರಣವಲ್ಲ, 2022ರ ಬೇಸಿಗೆಯಲ್ಲಿ ಪಕ್ಕದ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತದ್ದನ್ನು ನಾವಾರೂ ಮರೆತಿಲ್ಲ. ಆದರೆ ಹದವಾದ ಔಷಧಿ ವಾಸನೆಗೆ ಹೆದರಬೇಕಾಗಿಲ್ಲ. ಆ ವಾಸನೆ ಪೂರ್ತಿ ಇಲ್ಲದ ದಿನವೇ ಹೆಚ್ಚು ಎಚ್ಚರ ಬೇಕು.

ನಮ್ಮ ಊರಿಗೆ ಬರುವುದು ತುಂಗಭದ್ರೆಯ ಕಾಲುವೆ ನೀರು. ಅದನ್ನು ಅಲ್ಲೀಪುರದಂಥ ಕೆರೆಗಳಲ್ಲಿ ತುಂಬಿಟ್ಟುಕೊಂಡು ಬಳಸುತ್ತೇವೆ. ಮಳೆಗಾಲದ ಹೊಸ ನೀರು ಮಣ್ಣನ್ನು ತರುತ್ತದೆ, ಬೇಸಿಗೆಯಲ್ಲಿ ಕಾಲುವೆ ನಿಂತಾಗ ಕೆರೆಯಲ್ಲಿ ಪಾಚಿ ಕಟ್ಟುತ್ತದೆ. ನಮ್ಮ ಅಜ್ಜಿ ಕೊಡದ ನೀರಿನಲ್ಲಿ ಪಟಿಕದ ಹರಳನ್ನು ನಾಲ್ಕು ಸುತ್ತು ತಿರುಗಿಸಿ ಮುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ಕೆಸರು ತಳಕ್ಕಿಳಿದು ನೀರು ಕನ್ನಡಿಯಂತಾಗಿರುತ್ತಿತ್ತು. ಶುದ್ಧೀಕರಣ ಘಟಕದಲ್ಲಿ ನಡೆಯುವುದೂ ಮೊದಲಿಗೆ ಅದೇ. ನಂತರ ಮರಳಿನ ಹಾಸಿನಲ್ಲಿ ಸೋಸಿ, ಕೊನೆಗೆ ರೋಗಾಣು ಕೊಲ್ಲುವ ಕ್ಲೋರಿನ್ ಬೆರೆಸುತ್ತಾರೆ; ತಾವು ಹೇಳುವ ಔಷಧಿ ವಾಸನೆ ಅದರದೇ. ಈ ಅನುಕ್ರಮಕ್ಕೆ ಕಾರಣವಿದೆ: ಮಣ್ಣಿನ ಕಣಗಳ ಮರೆಯಲ್ಲಿ ಕುಳಿತ ರೋಗಾಣುವಿಗೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ.

ಇನ್ನು ನನ್ನ ನಿಜವಾದ ಚಿಂತೆ ಘಟಕದಿಂದ ತಮ್ಮ ಮನೆಯವರೆಗಿನ ಪೈಪಿನದು. ವಾರದಲ್ಲಿ ಕೆಲವೇ ತಾಸು ನೀರು ಹರಿದು ಉಳಿದ ದಿನ ಪೈಪು ಖಾಲಿ ಬಿದ್ದಿರುತ್ತದೆ. ಮನೆಮನೆಯ ಸಂಪರ್ಕದ ಸಣ್ಣ ಪೈಪುಗಳು ಎಷ್ಟೋ ಕಡೆ ಚರಂಡಿಯೊಳಗಿಂದಲೇ ಹಾದಿರುತ್ತವೆ. ನೀರು ನಿಂತು ಒತ್ತಡ ಇಳಿದೊಡನೆ, ಸಡಿಲಾದ ಜಾಯಿಂಟಿನಿಂದ ಹೊರಗಿನ ಕೊಳಕು ಒಳಸೇರುತ್ತದೆ. ನಲ್ಲಿಗೆ ನೇರವಾಗಿ ಮೋಟಾರು ಹಚ್ಚುವವರು (ನಮ್ಮಲ್ಲಿ ಹಚ್ಚದವರು ಯಾರು?) ಅದನ್ನು ಇನ್ನಷ್ಟು ಎಳೆದುಕೊಳ್ಳುತ್ತಾರೆ. ದಾರಿಯಲ್ಲಿ ಹೀಗೆ ಸೇರುವ ರೋಗಾಣುಗಳನ್ನು ಎದುರಿಸಲೆಂದೇ ಕ್ಲೋರಿನ್ನಿನ ಒಂದು ಪಾಲು ನೀರಿನಲ್ಲಿ ಉಳಿದಿರಬೇಕು. ಕುಡಿಯುವ ನೀರಿನ ಗುಣಮಟ್ಟ ಹೇಳುವ ಭಾರತೀಯ ಮಾನಕ 10500ರ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ದೊಡ್ಡ ಪ್ರಮಾಣದ ಕೊಳಕು ನುಗ್ಗಿದರೆ ಅಷ್ಟು ಸಾಲದು ಎಂಬುದನ್ನೂ ಒಪ್ಪಬೇಕು.

ಕ್ಯಾನ್ ನೀರಿನ ಬಗ್ಗೆ ನನ್ನದು ಅರೆಮನಸ್ಸು. ಕೊಪ್ಪಳ ಜಿಲ್ಲೆಯಲ್ಲಿ, ಹಲ್ಲು-ಮೂಳೆ ಕೆಡಿಸುವಷ್ಟು ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರನ್ನು ಕುಡಿಯುವ ಹಳ್ಳಿಗಳಿಗೆ ಸೂಕ್ಷ್ಮ ಪೊರೆಯಲ್ಲಿ ನೀರು ಸೋಸುವ ಆರ್‌ಒ ಘಟಕ ಅಗತ್ಯವೇ, ಏಕೆಂದರೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಕಾಲುವೆ ನೀರಿಗೆ ಆ ಮಾತು ಅಷ್ಟಾಗಿ ಅನ್ವಯಿಸದು. ಅಲ್ಲದೆ ಕ್ಯಾನಿನಲ್ಲಿ ಬರುವ ಆರ್‌ಒ ನೀರಿನಲ್ಲಿ ರಕ್ಷಣೆಗೆಂದು ಉಳಿಯುವ ಕ್ಲೋರಿನ್ ಇರುವುದಿಲ್ಲ. ತೊಳೆಯದ ಕ್ಯಾನಿಗೆ ತುಂಬಿ ನಾಲ್ಕು ದಿನ ಇಟ್ಟರೆ ಅದೂ ಕೆಡುತ್ತದೆ.

ಆದ್ದರಿಂದ ಕೆಂಪಗೆ ಬರುವ ಕೊಡಗಳನ್ನು ಬಚ್ಚಲಿಗೆ ಇಡಿ, ಸಂಪನ್ನು ತೊಳೆಸಿ ಮುಚ್ಚಳ ಭದ್ರಪಡಿಸಿ. ಕುಡಿಯುವ ನೀರನ್ನು ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಒಲೆಯ ಮೇಲೆ ಬಿಡಿ. ಕುದಿಸಿದಾಗ ಕ್ಲೋರಿನ್ ಹಾರಿಹೋಗುವುದರಿಂದ ಆ ನೀರನ್ನು ಮುಚ್ಚಿಟ್ಟು, ಕೈ ಅದ್ದದೆ ಸೌಟಿನಿಂದ ತೆಗೆದುಕೊಳ್ಳಬೇಕು.

ನಗರಪಾಲಿಕೆಗೆ ಅರ್ಜಿ ಬರೆಯುವುದಾದರೆ ‘ಒಳ್ಳೆಯ ನೀರು ಕೊಡಿ’ ಎಂದಷ್ಟೇ ಬರೆಯಬೇಡಿ. ಘಟಕದ ಬಾಗಿಲಲ್ಲಿ ನೀರು ಶುದ್ಧವಿದೆ ಎಂಬ ಉತ್ತರ ಬಂದು ಕಡತ ಮುಚ್ಚುತ್ತದೆ. ತಮ್ಮ ಓಣಿಯ ಕಟ್ಟಕಡೆಯ ನಲ್ಲಿಯಲ್ಲಿ, ನೀರು ಬಿಟ್ಟ ಮೊದಲ ಅರ್ಧ ತಾಸಿನೊಳಗೆ, ಉಳಿದ ಕ್ಲೋರಿನ್ ಎಷ್ಟಿದೆ, 100 ಮಿಲಿಲೀಟರಿನಲ್ಲಿ ಇ-ಕೋಲಿ (ಮಲದ ಕೊಳಕು ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ) ಇದೆಯೇ ಎಂದು ಪರೀಕ್ಷಿಸಿ ಲಿಖಿತವಾಗಿ ತಿಳಿಸುವಂತೆ ಕೇಳಿ. ಕ್ಲೋರಿನ್ ಪರೀಕ್ಷೆಗೆ ಒಂದು ಗಾಜಿನ ನಳಿಕೆ, ಕೆಲವು ಹನಿ ದ್ರಾವಣ, ಐದು ನಿಮಿಷ ಸಾಕು. ಅದು ತಮ್ಮ ಕಣ್ಣೆದುರೇ ನಡೆಯಲಿ. ಇ-ಕೋಲಿ ಒಂದೂ ಇರಕೂಡದು. ಫಲಿತಾಂಶ ಕೈಗೆ ಬಂದ ದಿನ ಅದರ ಪ್ರತಿಯೊಂದನ್ನು ನಮಗೂ ಕಳುಹಿಸಿ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ