14 ವರ್ಷದ ಹುಡುಗನಿಗೆ ಬಿಪಿ 128/76, ಗಾಬರಿ ಪಡಬೇಕಾ?

ನಮಸ್ಕಾರ ಮೇಡಂ. ಮಗನಿಗೆ 14, ಶಾಲೆಯ ತಪಾಸಣೆಯಲ್ಲಿ ಬಿಪಿ 128/76 ಬಂತು, ವಯಸ್ಸಿಗೆ ಬರುತ್ತಿರುವುದಕ್ಕೆ ಹೀಗಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು. ವರ್ಷದೊಳಗೆ ಪ್ಯಾಂಟ್ ಕಣಕಾಲು ಬಿಟ್ಟು ಮೇಲೆ ಹೋಗಿದೆ ಅಂದಿರಲ್ಲ, ಹಾಗೆ ಎತ್ತರ, ತೂಕ ಏರುವಾಗ ಹೃದಯವೂ ದೊಡ್ಡದಾಗುತ್ತದೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಗಂಡುಮಕ್ಕಳಲ್ಲಿ ಮೇಲಿನ ಸಂಖ್ಯೆ ಹುಡುಗಿಯರಿಗಿಂತ ಹೆಚ್ಚು ಏರುತ್ತದೆ.

ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. 13 ದಾಟಿದವರಿಗೆ 120/80ರ ಒಳಗಿದ್ದರೆ ಸರಿ. 130/80 ಮುಟ್ಟಿದರೆ ಬಿಪಿ ಜಾಸ್ತಿ ಅಂತಲೇ ಲೆಕ್ಕ. ನಿಮ್ಮವನು ನಡುವೆ ಇದ್ದಾನೆ.

ಒಂದೇ ಸಲ ನೋಡಿದ್ದನ್ನು ನಂಬಬೇಡಿ. ನನ್ನ ಮಗ ಹಾಸನದ ಬಸ್‌ಸ್ಟ್ಯಾಂಡಿನಿಂದ ಓಡಿಕೊಂಡು ಬಂದು ಕೂತಾಗ 136 ಇತ್ತು, ಹತ್ತು ನಿಮಿಷ ಸುಮ್ನೆ ಕೂರಿಸಿ ನೋಡಿದರೆ 118! ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೂ ಸುಳ್ಳು ಏರಿಕೆ ತೋರಿಸುತ್ತದೆ. ಬೇರೆ ಬೇರೆ ದಿನ ಮೂರು ಸಲ ನೋಡಿಸಿ. ಆಗಲೂ ಇಷ್ಟೇ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಚಿಪ್ಸು, ಉಪ್ಪಿನಕಾಯಿ ಕಮ್ಮಿ ಮಾಡಿ, ಸಂಜೆ ಮೊಬೈಲ್ ಕಿತ್ತುಕೊಂಡು ಆಟಕ್ಕೆ ಅಟ್ಟಿ.