ಘರಪಟ್ಟಿ ತುಂಬಿದ ಮೇಲೆ ಕಸಕ್ಕೆ ಮತ್ತೆ ದುಡ್ಡು ಯಾಕೆ?

ಪ್ರಶ್ನೆ: ನಮ್ಮದು ವಡಗಾವಿಯಲ್ಲಿ ಎರಡು ಮಗ್ಗದ ಮನೆ. ಘರಪಟ್ಟಿ (ಮನೆ ತೆರಿಗೆ) ತುಂಬಿ ಬಂದು ಚಲನ್ ನೋಡಿದರೆ, ಘನತ್ಯಾಜ್ಯದ ಸೆಸ್, ಅಂದರೆ ಕಸದ ಹೆಚ್ಚುವರಿ ಕರ ಅಂತ ಬೇರೆ ಹಾಕಿದ್ದಾರೆ. ಒಂದೇ ಕೆಲಸಕ್ಕೆ ಎರಡು ಸಲ ಯಾಕೆ ಕೊಡಬೇಕು? ಒಣ ಕಸ ಮಾರಿದರೆ ಪಾಲಿಕೆಗೆ ದುಡ್ಡು ಬರುತ್ತದೆ ಅಲ್ವಾ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಅಕ್ಕಾ, ನಾನು ಮೂವತ್ತು ವರ್ಷ ಪುರಸಭೆ, ನಗರಸಭೆಗಳಲ್ಲಿ ಲೆಕ್ಕ ಬರೆದವನು. ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಅಂತ ಜನ ಕ್ಯೂ ಹಚ್ಚುತ್ತಿದ್ದರು. ನೀವು ಕೇಳಿದ್ದನ್ನೇ ಅವರೂ ಕೇಳುತ್ತಿದ್ದರು. ಕೇಳಬೇಕಾದ ಮಾತೇ ಇದು.

ಘರಪಟ್ಟಿಯಿಂದ ಬೀದಿದೀಪ, ಗಟಾರು, ರಸ್ತೆ ಎಲ್ಲವೂ ನಡೆಯಬೇಕು. ಅದರ ಜೊತೆ ತುಂಬುವ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಪಾಲಿಕೆಯಲ್ಲಿ ಉಳಿಯುವುದೇ ಇಲ್ಲ, ಆಯಾ ಕೆಲಸಕ್ಕೆ ಹೋಗುತ್ತವೆ. ಕಸದ ಸೆಸ್ ಮಾತ್ರ ಊರಲ್ಲೇ ಇರುತ್ತದೆ. ಕಸ ಮಾಡುವವರಿಂದಲೇ ಶುಲ್ಕ ತೆಗೆದುಕೊಳ್ಳಬೇಕು ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಯ ಅಳತೆ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿ ಹಾಕಿದರು.

‘ಸರ್ಕಾರದ ಅನುದಾನ ಬರುತ್ತದಲ್ಲ’ ಅನ್ನುತ್ತಾರೆ. ಬರುತ್ತದೆ, ನಿಜ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕ ನೋಡಿ. ನಮ್ಮಂಥ ಊರಿಗೆ ನೂರು ರೂಪಾಯಿ ಬಂದರೆ 30 ಕಸ ಮತ್ತು ನೈರ್ಮಲ್ಯಕ್ಕೆ, 30 ನೀರಿಗೆ ಅಂತ ಮೀಸಲಿತ್ತು. ಉಳಿದ 40 ಊರಿನ ಅಗತ್ಯಕ್ಕೆ, ಆದರೆ ಸಂಬಳಕ್ಕೆ ಮುಟ್ಟುವಂತಿರಲಿಲ್ಲ. ಸ್ವಚ್ಛ ಭಾರತ ಮಿಷನ್‌ನ ಎರಡನೇ ಹಂತದಲ್ಲಿ ಒಂದರಿಂದ ಹತ್ತು ಲಕ್ಷ ಜನರಿರುವ ಊರಿಗೆ ಕೇಂದ್ರದ ಪಾಲು ಶೇ. 33 ಅಂತ ಇಟ್ಟರು. ಅದೂ ಘಟಕ ಕಟ್ಟಲು, ಯಂತ್ರ ತರಲು. ಗಾಡಿ ಅನುದಾನದಲ್ಲಿ ಬರುತ್ತದೆ. ಆ ಗಾಡಿಗೆ ದಿನಾ ಡೀಸೆಲ್ ಹಾಕಬೇಕು, ಟೈರ್ ಬದಲಿಸಬೇಕು, ತುರಮುರಿಯ ಕಸ ಸಂಸ್ಕರಣಾ ಘಟಕದವರೆಗೆ ಓಡಿಸಬೇಕು. ಈ ದಿನದ ಖರ್ಚಿಗೇ ಕೈ ಕಟ್ಟುವುದು. ಹೊಸ ಆಟೋ ಟಿಪ್ಪರ್ ಬಂದು, ಡೀಸೆಲ್ ಬಿಲ್ ಪಾಸಾಗದೆ ನಾಲ್ಕು ದಿನ ಸುಮ್ನೆ ನಿಂತದ್ದನ್ನು ನಾನೇ ಕಂಡಿದ್ದೇನೆ.

ಇನ್ನು ಒಣ ಕಸ. ಒಂದು ಪಟ್ಟಣದ ಸಂಗ್ರಹ ಕೇಂದ್ರಕ್ಕೆ ಲೆಕ್ಕ ನೋಡಲು ಹೋಗಿದ್ದೆ. ಒಬ್ಬ ಪೌರಕಾರ್ಮಿಕ ತಾಯಿ ಚೀಲವೊಂದನ್ನು ಬಿಚ್ಚಿದರು. ಒಳಗೆ ಚಲೋ ರದ್ದಿ ಪೇಪರ್ ಇತ್ತು. ಅದರ ಮೇಲೆ ನಿನ್ನೆಯ ಸಾರು, ಅನ್ನ, ಮಗುವಿನ ಡೈಪರ್. ಬರಿಗೈಯಲ್ಲೇ ಬೇರೆ ಮಾಡುತ್ತಿದ್ದರು. ಗುಜರಿಯವ ಬಂದು ಆ ಕಟ್ಟನ್ನು ಒತ್ತಿ ನೋಡಿದ, ‘ಹಸಿ ಐತಿ, ಬ್ಯಾಡ’ ಅಂದು ಬದಿಗೆ ಸರಿಸಿದ. ಮಾರುವ ಮಾಲು ಅಲ್ಲೇ ಕಸವಾಯಿತು. ಅದನ್ನು ಸಾಗಿಸಲು ಮತ್ತೆ ನಮ್ಮದೇ ದುಡ್ಡು. ಒಣ ಕಸ ಒಣಗಿಯೇ ಬಂದರೂ ಅದರ ಮಾರಾಟದಿಂದ ಕೂಲಿ, ಡೀಸೆಲ್ ಎಲ್ಲಾ ಹೊರಡುವುದಿಲ್ಲ. ಆದರೂ ಸಾಗಿಸುವ ಭಾರ ಬಹಳ ಇಳಿಯುತ್ತದೆ. ನಿಮ್ಮ ಮಗ್ಗದ ನೂಲಿನ ಚೂರುಗಳನ್ನು ಬೇರೆ ಚೀಲದಲ್ಲೇ ಕೊಡಿ ಅಕ್ಕಾ, ಅಡುಗೆಮನೆಯ ಕಸಕ್ಕೆ ಸೇರಿಸಬೇಡಿ.

ಸೆಸ್ ಕೊಟ್ಟ ಮೇಲೆ ಲೆಕ್ಕ ಕೇಳುವ ಹಕ್ಕೂ ನಿಮ್ಮದೇ. ಬಜೆಟ್‌ಗೆ ಮೊದಲು ಪಾಲಿಕೆ ಜನರ ಸಲಹೆ ಕೇಳುವ ಸಭೆ ಕರೆಯುತ್ತದೆ. ಸೆಸ್ ಎಷ್ಟು ಬಂತು, ಕಸಕ್ಕೆ ಎಷ್ಟು ಖರ್ಚಾಯಿತು ಅಂತ ಅಲ್ಲಿ ಎದ್ದು ಕೇಳಿ. ನಾಲ್ಕು ಹೆಣ್ಣುಮಕ್ಕಳು ಕೂಡಿ ಕೇಳಿದರೆ ಉತ್ತರ ಬಂದೇ ಬರುತ್ತದೆ.

ಪ್ರಶ್ನೆ: ಹಳ್ಳಿಯಲ್ಲಿ ಈ ಖರ್ಚು ಯಾರದು?
– ಓದುಗರೊಬ್ಬರು, ಗೋಕಾಕ ತಾಲ್ಲೂಕು

ಉತ್ತರ: ಪಂಚಾಯಿತಿಯದೇ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆ ಅಲ್ಲೂ ಶೇ. 30 ಮೀಸಲಿತ್ತು. ಎಷ್ಟೋ ಕಡೆ ಕಸದ ಸ್ವಚ್ಛ ವಾಹಿನಿ ಗಾಡಿಯನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳೇ ಓಡಿಸುತ್ತಾರೆ, ಮನೆಮನೆಯಿಂದ ಶುಲ್ಕವನ್ನೂ ಅವರೇ ಎತ್ತುತ್ತಾರೆ. ನಿಮ್ಮ ಊರಲ್ಲಿ ಗಾಡಿ ನಿಂತಿದ್ದರೆ ಪಿಡಿಒ ಅವರನ್ನು ಗ್ರಾಮಸಭೆಯಲ್ಲೇ ಕೇಳಿ, ಗೊತ್ತುವಳಿ ಪುಸ್ತಕದಲ್ಲಿ ಬರೆಸಿ.